ಒಬ್ಬ ವಟು, ಆ ವಟು

ಇಂಗ್ಲಿಷ್ ಕಲಿಯಲು ಹೊರಟ ಕನ್ನಡದ ಹುಡುಗನನ್ನು ದೊಡ್ಡ ದೊಡ್ಡ ಶಬ್ದಗಳು ಕಾಡುವುದಕ್ಕಿಂತ ‘ಎ’, ‘ಆ್ಯನ್’ ಎಂಬ ಎರಡು ಪುಟ್ಟ ಶಬ್ದಗಳು ಕಾಡುವುದೇ ಹೆಚ್ಚು. ದೊಡ್ಡ ಶಬ್ದದ ಅರ್ಥ ನಿಘಂಟಿನಲ್ಲಿ ದೊರೆಯುತ್ತದೆ. ಇವಕ್ಕೆ ಅರ್ಥವೆಂಬುದೇ ಇಲ್ಲದಂತೆ ತೋರುತ್ತದೆ. ಆದುದರಿಂದ ಅವನು ಮನಸ್ಸು ಬಂದಲ್ಲಿ ಇವನ್ನು ಹಾಕುತ್ತಾನೆ, ಬಾರದಲ್ಲಿ ಬಿಡುತ್ತಾನೆ. ಕೆಂಪು ಶಾಯಿಯ ಗೆರೆಗಳನ್ನು ಕಂಡು, ಈ ಭಾಷೆ ತನಗೆ ಹತ್ತದೆಂದು ಕೈಚೆಲ್ಲುತ್ತಾನೆ. ಈ ನಿರಾಶೆಗೆ ಕಾರಣವಿಲ್ಲವೆಂದು ನನ್ನ ಎಣಿಕೆ. ಈ ವ್ಯಾಕರಣದ ಅರ್ಧವನ್ನು ಅವನು ಮನೆಯ ಜಗುಲಿಯ ಮೇಲೆಯೇ ಕಲಿತಿರುತ್ತಾನೆ.

ಕುಮಟೆಗೂ ಹೊನ್ನಾವರಕ್ಕೂ ನಡುವೆ ಕಡಲ ಮಗ್ಗುಲಲ್ಲಿರುವ ನಮ್ಮ ಧಾರೇಶ್ವರವು ಗೋಕರ್ಣದ ಆತ್ಮಲಿಂಗದ ಕಥೆಗೆ ಸೇರಿದ ಪಂಚಕ್ಷೇತ್ರಗಳಲ್ಲಿ ಒಂದು. ಆ ಕಥೆಯನ್ನು ಕೇಳದ ಮಗು ಈ ಕಡೆ ದುರ್ಲಭ. ರಾವಣನು ಲಿಂಗವನ್ನು ಹಿಡಿದು ಬರುತ್ತಿರಲು ಸಂಧ್ಯಾವಂದನೆಯ ಹೊತ್ತಾಯಿತು. ಅಲ್ಲಿಗೆ ‘ಒಬ್ಬ ವಟು’ ಬಂದನು. ರಾವಣನು ಲಿಂಗವನ್ನು ‘ಆ ವಟುವಿನ’ ಕೈಗೆ ಕೊಟ್ಟನು. ಯಾವ ಅಜ್ಜಿಯೂ ಈ ಎರಡನ್ನು ಅದಲುಬದಲು ಮಾಡಿ ಹೇಳುವುದಿಲ್ಲ. ಕಥೆಯೊಳಗೆ ಮೊದಲ ಸಲ ಕಾಲಿಡುವವನು ‘ಒಬ್ಬ’. ಪರಿಚಯವಾದ ಮೇಲೆ ‘ಆ’. ಇಂಗ್ಲಿಷಿನ ‘ಎ’ ಮತ್ತು ‘ದಿ’ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಬಂದವನು ಗಣಪತಿಯೆಂದು ತಿಳಿದಿದ್ದರೆ ರಾವಣನು ಲಿಂಗವನ್ನು ಕೊಡುತ್ತಿರಲಿಲ್ಲ. ‘ಯಾರೋ ಒಬ್ಬ’ನೆಂದುಕೊಂಡುದರಿಂದಲೇ ಕಥೆ ನಡೆಯಿತು!

ಉಳಿದ ಅರ್ಧದಲ್ಲಿ ಮಾತ್ರ ಎರಡು ಭಾಷೆಗಳ ದಾರಿ ಬೇರೆಯಾಗುತ್ತದೆ. ‘ನನ್ನ ತಂದೆ ಶಿಕ್ಷಕರು’ ಎಂದರೆ ಕನ್ನಡಕ್ಕೆ ತೃಪ್ತಿ. ಇಂಗ್ಲಿಷ್ ಹಾಗಲ್ಲ, ಶಿಕ್ಷಕರೆಂಬ ಬಳಗದಲ್ಲಿ ಅವರೂ ಒಬ್ಬರೆಂದು ಎಣಿಸಿ ‘ಎ ಟೀಚರ್’ ಎಂದೇ ಹೇಳಬೇಕು. ಎಣಿಕೆಗೆ ಸಿಗದ ವಸ್ತುವಿಗೆ ಈ ಗೌರವವಿಲ್ಲ. ಸಾಣಿಕಟ್ಟೆಯ ಉಪ್ಪಿಗೆ ‘ಎ’ ಸಲ್ಲದು, ಉಪ್ಪಿನ ಮೂಟೆಗೆ ಸಲ್ಲುತ್ತದೆ. ನಾವು ‘ಒಂದು ಸಲಹೆ’ ಎನ್ನುತ್ತೇವೆ. ಇಂಗ್ಲಿಷಿನವರು ಸಲಹೆಯನ್ನೂ ಉಪ್ಪಿನಂತೆ ರಾಶಿಯೆಂದೇ ಬಗೆದು ‘ಆ್ಯನ್ ಅಡ್ವೈಸ್’ ಎಂಬುದನ್ನು ತಪ್ಪೆನ್ನುತ್ತಾರೆ. ಈ ಎಣಿಸುವ ಚಾಳಿ ಈಗ ನಮ್ಮ ಬರವಣಿಗೆಗೂ ಅಂಟಿದೆ. ‘ಅವರು ಒಳ್ಳೆಯ ಕವಿ’ ಎಂದರೆ ಸಾಲುವಲ್ಲಿ ‘ಅವರು ಒಬ್ಬ ಒಳ್ಳೆಯ ಕವಿ’ ಎಂದು ಬರೆಯುತ್ತೇವೆ.

ಇನ್ನು ‘ಎ’ ಎಲ್ಲಿ, ‘ಆ್ಯನ್’ ಎಲ್ಲಿ ಎಂಬ ಪ್ರಶ್ನೆ. ಎ, ಇ, ಐ, ಓ, ಯು ಎಂಬ ಐದು ಅಕ್ಷರಗಳ ಹಿಂದೆ ‘ಆ್ಯನ್’ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಈ ಸೂತ್ರ ಕಣ್ಣಿಗೆ ಹೇಳಿದ್ದು. ಭಾಷೆ ಕೇಳುವುದು ಕಿವಿಯ ಮಾತನ್ನು. ‘ಯೂನಿವರ್ಸಿಟಿ’ ಸ್ವರಾಕ್ಷರದಿಂದ ತೊಡಗಿದರೂ ಕಿವಿಗೆ ಕೇಳುವುದು ಯಕಾರ, ಆದ್ದರಿಂದ ‘ಎ’. ‘ಅವರ್’ ಎಂಬುದರ ಮೊದಲಿಗೆ ‘ಎಚ್’ ಬರೆದಿದ್ದರೂ ಅದು ಮೂಕ, ಆದ್ದರಿಂದ ‘ಆ್ಯನ್’. ಪದವೀಧರನು ‘ಆ್ಯನ್ ಎಂ.ಎ.’, ಆದರೆ ಒಂದು ರೂಪಾಯಿಯ ನೋಟು ‘ಎ ವನ್ ರುಪೀ ನೋಟ್’.

ಸಂಸ್ಕೃತದ ಗಂಧವುಳ್ಳ ನಮಗೆ ಇದು ಹೊಸತೇನಲ್ಲ. ಧರ್ಮವಲ್ಲದ್ದು ‘ಅಧರ್ಮ’, ಉಚಿತವಲ್ಲದ್ದು ‘ಅನುಚಿತ’. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’. ಪಾಣಿನಿ ಇದಕ್ಕೆ ಸೂತ್ರವನ್ನೇ ಕಟ್ಟಿದ್ದಾನೆ. ಅರ್ಥ ಬೇರೆ, ಹುಟ್ಟು ಬೇರೆ. ಕಿವಿಯ ನ್ಯಾಯ ಮಾತ್ರ ಒಂದೇ. ಇಂಗ್ಲಿಷಿನಲ್ಲಿ ‘ಒಂದು’ ಎಂಬರ್ಥದ ಹಳೆಯ ‘ಆನ್’ ಶಬ್ದವೇ ಸವೆದು ‘ಆ್ಯನ್’ ಆಯಿತು. ವ್ಯಂಜನದ ಮುಂದೆ ನಕಾರವನ್ನೂ ಕಳೆದುಕೊಂಡು ‘ಎ’ ಆಯಿತು. ಈ ನಕಾರ ಎತ್ತ ಸೇರಿದ್ದೆಂಬುದರಲ್ಲಿ ಇಂಗ್ಲಿಷರಿಗೇ ಗೊಂದಲವಾದದ್ದುಂಟು. ‘ಎ ನೇಪ್ರನ್’ ಎಂಬುದನ್ನು ಅವರು ‘ಆ್ಯನ್ ಏಪ್ರನ್’ ಎಂದು ಒಡೆದರು; ಕ್ರಿಕೆಟ್ಟಿನ ಅಂಪೈರನೂ ಹೀಗೆಯೇ ತನ್ನ ಮೊದಲ ನಕಾರವನ್ನು ಕಳೆದುಕೊಂಡವನು.

ಹಾಗಾದರೆ ಕನ್ನಡಿಗನ ಕಿವಿ ಎಡವುವುದೆಲ್ಲಿ? ನಮ್ಮ ನಾಲಿಗೆಯ ಅಭ್ಯಾಸದಲ್ಲಿ. ಎಲೆಯನ್ನು ‘ಯೆಲೆ’ ಎಂದೂ ಒಲೆಯನ್ನು ‘ವೊಲೆ’ ಎಂದೂ ನುಡಿಯುವವರು ನಾವು. ಅದೇ ನಾಲಿಗೆಯಲ್ಲಿ ‘ಎಗ್’ ಎಂಬುದು ‘ಯೆಗ್’ ಆಗುತ್ತದೆ. ಆಗ ‘ಎ ಯೆಗ್’ ಎನ್ನುವುದು ಆ ಕಿವಿಗೆ ಸರಿಯೇ. ಇದಕ್ಕೆ ವಿರುದ್ಧವಾಗಿ ‘ಯಿಯರ್’ ಎಂಬಲ್ಲಿ ಯಕಾರ ನುಂಗಿಹೋಗಿ ‘ಇಯರ್’ ಆಗುತ್ತದೆ. ವರ್ಷಕ್ಕೆ ‘ಆ್ಯನ್’ ಅಂಟಿಕೊಳ್ಳುತ್ತದೆ. ನಾನು ಕಂಡಂತೆ ಇದು ಹುಡುಗನ ದಡ್ಡತನವಲ್ಲ. ಅವನು ತನ್ನ ಕಿವಿಗೆ ನಿಷ್ಠನಾಗಿಯೇ ಇದ್ದಾನೆ, ತಿದ್ದಬೇಕಾದುದು ಉಚ್ಚಾರವನ್ನು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಐದು ಅಕ್ಷರಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುವ ಮೊದಲು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ‘ಅಧರ್ಮ’, ‘ಅನುಚಿತ’ಗಳನ್ನು ಅವರ ಬಾಯಿಂದಲೇ ಹೇಳಿಸಿರಿ. ತನ್ನ ಭಾಷೆಯಲ್ಲಿ ಆಗಲೇ ಬಲ್ಲುದನ್ನು ಪರಭಾಷೆಯಲ್ಲಿ ಗುರುತಿಸಿದ ಮಗು ಅದಕ್ಕೆ ಹೆದರುವುದಿಲ್ಲ.