ಕಾರಿನೊಳಗೆ ನುಗ್ಗುವ ರಸ್ತೆಯ ಸದ್ದು

ಊರೊಳಗೆ ನಿಧಾನವಾಗಿ ಹೋಗುವಾಗ ಕಾರಿನಲ್ಲಿ ಕುಳಿತವರ ಮಾತುಕತೆಗೆ ಅಡ್ಡಿಯೇನೂ ಬರುವುದಿಲ್ಲ. ಹೆದ್ದಾರಿಯನ್ನು ಸೇರಿ ವೇಗವು ಗಂಟೆಗೆ ೮೦ ಕಿಲೋಮೀಟರು ಮುಟ್ಟಿತೆಂದರೆ ಕಾಲ ಕೆಳಗಿನಿಂದ ಒಂದು ಮೊರೆತ ಏಳುತ್ತದೆ. ರೇಡಿಯೋದ ವಾರ್ತೆ ಅರ್ಧಂಬರ್ಧ ಕೇಳುತ್ತದೆ. ಹಿಂದಿನ ಸೀಟಿನಲ್ಲಿರುವ ಹಿರಿಯರು “ಏನಂದೆ?” ಎಂದು ಎರಡು ಸಲ ಕೇಳಿ, ಮೂರನೆಯ ಸಲ ಸುಮ್ಮನಾಗಿಬಿಡುತ್ತಾರೆ. ಮೂರು ನಾಲ್ಕು ಗಂಟೆ ಹೀಗೆ ಪ್ರಯಾಣ ಮಾಡಿ ಇಳಿದಮೇಲೆ, ಕುಳಿತಲ್ಲೇ ಕುಳಿತಿದ್ದರೂ ಮೈ ದಣಿದಂತೆ ತೋರುತ್ತದೆ. ಈ ದಣಿವಿನಲ್ಲಿ ಸದ್ದಿನ ಪಾಲೂ ಉಂಟು.

ಇದಕ್ಕೆ ಪರಿಹಾರವೆಂದು ಅಂಗಡಿಗಳಲ್ಲಿ ಬಗೆಬಗೆಯ ಹಾಸುಗಳು ದೊರೆಯುತ್ತವೆ. ಬೆಳ್ಳಿಯ ಬಣ್ಣದ ಅಂಟುಹಾಳೆ, ಕಪ್ಪು ಸ್ಪಂಜು, ಭಾರವಾದ ವಿನೈಲ್, ದಪ್ಪನೆಯ ಫೆಲ್ಟು—ಒಂದೊಂದನ್ನೂ “ಸದ್ದು ನಿಲ್ಲಿಸುವ ವಸ್ತು” ಎಂದೇ ಮಾರುತ್ತಾರೆ. ಆದರೆ ಇವುಗಳ ಕೆಲಸ ಒಂದೇ ಅಲ್ಲ. ಜ್ವರಕ್ಕೆ ಕೊಡುವ ಮದ್ದನ್ನು ಹೊಟ್ಟೆನೋವಿಗೆ ಕೊಟ್ಟರೆ ಫಲವೇನು? ಹಾಗೆಯೇ, ಸದ್ದು ಯಾವುದು, ಯಾವ ದಾರಿಯಿಂದ ಬರುತ್ತಿದೆ ಎಂಬುದನ್ನು ತಿಳಿಯದೆ ಹಾಸು ಅಂಟಿಸಿದರೆ ಕಾರಿನ ತೂಕ ಹೆಚ್ಚುತ್ತದೆ, ಕೈಯ ಹಣ ಕರಗುತ್ತದೆ, ಮೊರೆತ ಮಾತ್ರ ಹಾಗೆಯೇ ಉಳಿಯುತ್ತದೆ.

ಸದ್ದು ಹುಟ್ಟುವ ಬಗೆ

ಒಂದೇ ವೇಗದಲ್ಲಿ ಓಡುವ ಕಾರಿನಲ್ಲಿ ಗಂಟೆಗೆ ೪೦–೫೦ ಕಿಲೋಮೀಟರು ದಾಟಿದ ಮೇಲೆ ಎಂಜಿನ್ನಿನ ಸದ್ದಿಗಿಂತ ಟೈರಿನ ಸದ್ದೇ ಮುಂದಾಗುತ್ತದೆ. ವೇಗ ೧೦೦ನ್ನು ಮೀರಿದರೆ ಗಾಳಿಯ ಸದ್ದೂ ಜೊತೆಗೂಡುತ್ತದೆ. ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಅಂಗೈಯಷ್ಟು. ಅಲ್ಲಿ ರಬ್ಬರಿನ ಗೆರೆಕಟ್ಟುಗಳು ಒಂದರ ಹಿಂದೆ ಒಂದು ರಸ್ತೆಗೆ ಬಡಿಯುತ್ತವೆ. ಗೆರೆಗಳ ನಡುವೆ ಸಿಕ್ಕಿಕೊಂಡ ಗಾಳಿ ಹಿಂಡಿಕೊಂಡು ಹೊರಕ್ಕೆ ಚಿಮ್ಮುತ್ತದೆ. ಟೈರಿನ ಒಳಗಿರುವ ಗಾಳಿಯ ಬಳೆಯೂ ಕೊಳಲಿನೊಳಗಣ ಗಾಳಿಯಂತೆ ತನ್ನದೇ ಸ್ವರದಲ್ಲಿ ನುಡಿಯುತ್ತದೆ. ಸಣ್ಣ ಕಾರಿನಲ್ಲಿ ಈ ಬಳೆಯ ಸುತ್ತಳತೆ ಸುಮಾರು ಒಂದೂವರೆ ಮೀಟರು. ಶಬ್ದದ ವೇಗ ಸೆಕೆಂಡಿಗೆ ೩೪೦ ಮೀಟರು. ಆದ್ದರಿಂದ ಸೆಕೆಂಡಿಗೆ ೨೨೫ರ ಆಸುಪಾಸಿನಲ್ಲಿ ಕಂಪಿಸುವ ಒಂದು ಗುಂಯ್‌ಕಾರ ಏಳುತ್ತದೆ.

ಹೀಗೆ ಹುಟ್ಟಿದ ಸದ್ದು ಎರಡು ದಾರಿಯಿಂದ ಒಳಗೆ ಬರುತ್ತದೆ. ಒಂದು, ಲೋಹದ ದಾರಿ. ಚಕ್ರದ ನಡುಕವು ಸಸ್ಪೆನ್ಷನ್ನಿನ ಮೂಲಕ ಕಾರಿನ ಮೈಗೆ ಹತ್ತಿ, ನೆಲದ ಮತ್ತು ಬಾಗಿಲಿನ ತಗಡುಗಳನ್ನು ನಡುಗಿಸುತ್ತದೆ. ಆ ತಗಡುಗಳೇ ಧ್ವನಿವರ್ಧಕದ ಪರದೆಯಂತೆ ಒಳಗಿನ ಗಾಳಿಯನ್ನು ಅಲುಗಿಸುತ್ತವೆ. ಎದೆಗೆ ತಟ್ಟುವಂಥ ಮಂದ್ರದ ಗುಡುಗು ಮುಖ್ಯವಾಗಿ ಈ ದಾರಿಯದು. ಇನ್ನೊಂದು, ಗಾಳಿಯ ದಾರಿ. ಬಾಗಿಲ ಸಂದು, ತಂತಿಗಳು ಹಾಯುವ ತೂತು, ತೆಳುವಾದ ಗಾಜು—ಇವುಗಳ ಮೂಲಕ ತಾರದ ಸುಯ್ಲು ಒಳಕ್ಕೆ ನುಗ್ಗುತ್ತದೆ.

ಕಿವಿಯ ಲೆಕ್ಕ

ಸದ್ದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಸಾಧಾರಣ ಮಾತುಕತೆಯ ಮಟ್ಟ ಸುಮಾರು ೬೦ ಡೆಸಿಬೆಲ್. ಈ ಲೆಕ್ಕ ಬೆಲೆಪಟ್ಟಿಯ ಲೆಕ್ಕದಂತೆ ನೇರವಾದುದಲ್ಲ. ಮೂರು ಡೆಸಿಬೆಲ್ ಇಳಿಯಿತೆಂದರೆ ಶಬ್ದದ ಶಕ್ತಿ ಅರ್ಧಕ್ಕೆ ಇಳಿದಂತಾಯಿತು. ಆದರೂ ಕಿವಿಗೆ ಅದು ಅಲ್ಪವಾಗಿಯೇ ತೋರುತ್ತದೆ. “ಸದ್ದು ಅರ್ಧವಾಯಿತು” ಎಂದು ಕಿವಿ ಒಪ್ಪಬೇಕಾದರೆ ಹತ್ತು ಡೆಸಿಬೆಲ್ಲಾದರೂ ಇಳಿಯಬೇಕು. ಮನೆಯಲ್ಲಿ ಮಾಡಿಕೊಳ್ಳುವ ಹಾಸಿನ ಕೆಲಸದಿಂದ ಅಷ್ಟು ಇಳಿತವನ್ನು ನಿರೀಕ್ಷಿಸುವುದು ಸರಿಯಲ್ಲ. ಕೆಲವೇ ಡೆಸಿಬೆಲ್ ಇಳಿದರೆ ಕೆಲಸ ಚೆನ್ನಾಗಿ ಆಯಿತೆಂದೇ ತಿಳಿಯಬೇಕು.

ಇಷ್ಟಕ್ಕೇಕೆ ಶ್ರಮವೆಂದು ಕೇಳಬಹುದು. ಮಾತು ತಿಳಿಯುತ್ತದೋ ಇಲ್ಲವೋ ಎಂಬ ಅಂಚಿನಲ್ಲಿ ಒಂದೆರಡು ಡೆಸಿಬೆಲ್ಲುಗಳೇ ದೊಡ್ಡ ವ್ಯತ್ಯಾಸ ಮಾಡುತ್ತವೆ. ನಮ್ಮ ಮಾತಿನಲ್ಲಿ ಸ್ವರಾಕ್ಷರಗಳಿಗೆ ಬಲ ಹೆಚ್ಚು. ಸ, ಷ, ಚ, ತ ಮುಂತಾದ ವ್ಯಂಜನಗಳು ಮೆಲ್ಲನೆಯವು, ತಾರದವು. ವಯಸ್ಸಾದಂತೆ ಮೊದಲು ಮಂದವಾಗುವುದು ತಾರದ ಸದ್ದುಗಳನ್ನು ಕೇಳುವ ಶಕ್ತಿಯೇ. ಅದರ ಮೇಲೆ ರಸ್ತೆಯ ಮೊರೆತವೂ ಕವಿದರೆ, ಹಿರಿಯರಿಗೆ ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ನಾವು ಕಿರುಚಿದರೂ ಪ್ರಯೋಜನವಿಲ್ಲ. ಮೊರೆತವನ್ನು ಕೊಂಚ ತಗ್ಗಿಸಿದರೆ ಅವರು ಮತ್ತೆ ಮಾತಿನಲ್ಲಿ ಕೂಡಿಕೊಳ್ಳಬಲ್ಲರು.

ಮೂರು ಮದ್ದುಗಳು

ಮೊದಲನೆಯದು ನಡುಕವನ್ನು ಅಡಗಿಸುವುದು. ಜಾಗಟೆಯನ್ನು ಬಾರಿಸಿ ಅಂಚಿಗೆ ಬೆರಳು ತಾಗಿಸಿದರೆ ನಾದ ಥಟ್ಟನೆ ನಿಲ್ಲುತ್ತದೆಯಲ್ಲವೆ? ಬೆಳ್ಳಿ ಬಣ್ಣದ ಅಂಟುಹಾಳೆ ಮಾಡುವ ಕೆಲಸ ಆ ಬೆರಳಿನದು. ತೆಳು ತಗಡಿಗೆ ಲೇಪ ಹಚ್ಚಿ ನಡುಕವನ್ನು ಅಡಗಿಸುವ ಬಗೆಯನ್ನು ಜರ್ಮನಿಯ ಓಬರ್ಸ್ಟ್ ಎಂಬವರು ೧೯೫೨ರಲ್ಲಿ ಲೆಕ್ಕಹಾಕಿ ವಿವರಿಸಿದರು. ಲೇಪದ ಮೇಲೆ ಇನ್ನೊಂದು ಬಿಗಿಯಾದ ಹಾಳೆಯನ್ನು ಹೊದಿಸಿದರೆ ಫಲ ಹೇಗೆ ಹೆಚ್ಚುತ್ತದೆ ಎಂಬುದನ್ನು ಅಮೆರಿಕೆಯ ಎಡ್ವರ್ಡ್ ಕರ್ವಿನ್ ೧೯೫೯ರಲ್ಲಿ ತೋರಿಸಿದರು. ಇಂದಿನ ಹಾಳೆಗಳಲ್ಲಿ ಇರುವುದು ಇದೇ ತತ್ತ್ವ: ಕೆಳಗೆ ಬ್ಯುಟೈಲ್ ರಬ್ಬರು, ಮೇಲೆ ಅಲ್ಯೂಮಿನಿಯಂ. ಒಂದು ಪುಸ್ತಕವನ್ನು ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ತಗಡು ಬಾಗಿದಾಗಲೂ ಹಾಗೆಯೇ ಅಲ್ಯೂಮಿನಿಯಂ ಎಳೆತಕ್ಕೆ ಒಗ್ಗದೆ ಹಿಂಜರಿಯುತ್ತದೆ. ನಡುವಿನ ರಬ್ಬರು ಅತ್ತಿತ್ತ ಜಗ್ಗಿ ನಡುಕದ ಶಕ್ತಿಯನ್ನು ಅತ್ಯಲ್ಪ ಶಾಖವಾಗಿ ಮಾರ್ಪಡಿಸುತ್ತದೆ. ಈ ಕೆಲಸಕ್ಕೆ ತಗಡನ್ನೆಲ್ಲಾ ಮುಚ್ಚಬೇಕಾಗಿಲ್ಲ. ಹೆಚ್ಚು ನಡುಗುವ ನಡುಭಾಗದಲ್ಲಿ ಕಾಲುಭಾಗದಿಂದ ಮೂರರಲ್ಲೊಂದು ಭಾಗದವರೆಗೆ ಅಂಟಿಸಿದರೆ ಬಹುಪಾಲು ಲಾಭ ದೊರೆಯುತ್ತದೆ.

ಎರಡನೆಯದು ಸದ್ದನ್ನು ಹೀರುವುದು. ಬರಿದಾದ ಕೋಣೆಯಲ್ಲಿ ಮಾತು ಗಣಗಣಿಸುತ್ತದೆ. ಹಾಸಿಗೆ ಬಟ್ಟೆ ತುಂಬಿದ ಕೋಣೆಯಲ್ಲಿ ಹಾಗಾಗದು. ಫೆಲ್ಟು, ಉಣ್ಣೆ, ತೆರೆದ ರಂಧ್ರಗಳ ಸ್ಪಂಜು ಇವುಗಳ ಎಳೆಗಳ ನಡುವೆ ಗಾಳಿ ಒದ್ದಾಡಿ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಇಲ್ಲಿ ದಪ್ಪದ ಪ್ರಶ್ನೆ ಬರುತ್ತದೆ. ಸೆಕೆಂಡಿಗೆ ೧,೦೦೦ ಸಲ ಕಂಪಿಸುವ ಸದ್ದಿನ ಅಲೆಯ ಉದ್ದ ೩೪ ಸೆಂಟಿಮೀಟರು. ೧೦೦ ಸಲ ಕಂಪಿಸುವುದರದು ೩.೪ ಮೀಟರು. ಅಲೆಯ ಕಾಲುಭಾಗದಷ್ಟು ದಪ್ಪವಿದ್ದಾಗ ಇಂಥ ವಸ್ತು ಚೆನ್ನಾಗಿ ಹೀರುತ್ತದೆ. ಎಂದರೆ ಮೊದಲನೆಯದಕ್ಕೆ ಎಂಟೂವರೆ ಸೆಂಟಿಮೀಟರು, ಎರಡನೆಯದಕ್ಕೆ ೮೫ ಸೆಂಟಿಮೀಟರು! ಕಾರಿನಲ್ಲಿ ಇಷ್ಟು ಎಡೆಯೆಲ್ಲಿದೆ? ಆದ್ದರಿಂದ ಒಂದೆರಡು ಸೆಂಟಿಮೀಟರಿನ ಸ್ಪಂಜು ತಾರದ ಸುಯ್ಲನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ, ಮಂದ್ರದ ಮೊರೆತವನ್ನು ಮುಟ್ಟಲಾರದು.

ಮೂರನೆಯದು ಸದ್ದನ್ನು ತಡೆಯುವುದು. ಇದಕ್ಕೆ ಬೇಕಾದದ್ದು ಭಾರ. ಗೋಡೆ ಭಾರವಾದಷ್ಟೂ ಅದನ್ನು ಅಲುಗಿಸುವುದು ಸದ್ದಿಗೆ ಕಷ್ಟ. ಭಾರ ಇಮ್ಮಡಿಯಾದರೆ ಸುಮಾರು ಆರು ಡೆಸಿಬೆಲ್ ತಡೆ ಹೆಚ್ಚುತ್ತದೆ. ಕಾರಿನ ತಗಡಿನ ದಪ್ಪ ಸುಮಾರು ೦.೭ ಮಿಲಿಮೀಟರು, ಒಂದು ಚದರ ಮೀಟರಿಗೆ ಐದೂವರೆ ಕಿಲೋ ತೂಗುತ್ತದೆ. ಅಷ್ಟೇ ತೂಕದ ವಿನೈಲ್ ಹಾಸನ್ನು, ನಡುವೆ ಮೆತ್ತನೆಯ ಪದರ ಇಟ್ಟು ಹಾಸುವುದು ವಾಡಿಕೆ. ಆದರೆ ಈ ಮದ್ದಿಗೆ ಒಂದು ಪಥ್ಯವುಂಟು. ಅದು ಎಲ್ಲಿಯೂ ತೆರಪಿಲ್ಲದೆ ಮುಚ್ಚಿರಬೇಕು. ನೂರರಲ್ಲಿ ಒಂದು ಪಾಲಿನಷ್ಟು ತೂತು ಉಳಿದರೂ, ಉಳಿದ ತೊಂಬತ್ತೊಂಬತ್ತು ಪಾಲು ಎಷ್ಟೇ ಗಟ್ಟಿಯಾಗಿರಲಿ, ಒಟ್ಟು ತಡೆ ಇಪ್ಪತ್ತು ಡೆಸಿಬೆಲ್ಲನ್ನು ಮೀರದು. ಕೊಡ ಎಷ್ಟು ದಪ್ಪವಾಗಿದ್ದರೇನು, ತೂತಿದ್ದರೆ ನೀರು ನಿಲ್ಲುವುದೆ?

ಕೆಲಸಕ್ಕೆ ಮುಂಚೆ ಪರೀಕ್ಷೆ

ಹಾಸು ಕೊಳ್ಳುವುದಕ್ಕೆ ಮೊದಲು ಸದ್ದಿನ ಜಾತಕ ನೋಡಬೇಕು. ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಗಾಜುಗಳನ್ನು ಏರಿಸಿ ಹೋಗಿ. ಗೇರು ಬದಲಿಸಿದಾಗ ಸದ್ದಿನ ಸ್ವರ ಬದಲಾದರೆ ಅದು ಎಂಜಿನ್ನಿನದು. ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದೊಡನೆ ಬದಲಾದರೆ ಟೈರಿನದು. ಎರಡಕ್ಕೂ ಬದಲಾಗದೆ ವೇಗ ಹೆಚ್ಚಿದಂತೆ ಮಾತ್ರ ಏರುವುದು ಗಾಳಿಯದಾಗಿರಬಹುದು.

ವೇಗದೊಡನೆ ಏರುತ್ತಾ, ತಿರುವಿನಲ್ಲಿ ಒಂದು ಕಡೆಗೆ ವಾಲಿದಾಗ ಹೆಚ್ಚಾಗಿ, ಇನ್ನೊಂದು ಕಡೆಗೆ ವಾಲಿದಾಗ ತಗ್ಗುವ ಹೂಂಕಾರ ಕೇಳಿದರೆ ಮಾತ್ರ ಎಚ್ಚರ ವಹಿಸಬೇಕು. ಅದು ಚಕ್ರದ ಬೇರಿಂಗು ಸವೆದ ಗುರುತಾಗಿರಬಹುದು. ಹಾಸು ಹಾಕಿ ಅದನ್ನು ಮುಚ್ಚುವುದೆಂದರೆ ಕೂಗಿ ಎಚ್ಚರಿಸುವವನ ಬಾಯಿಗೆ ಬಟ್ಟೆ ತುರುಕಿದಂತೆ. ಅಂಥ ಗಾಡಿಯನ್ನು ಮೊದಲು ಮೆಕ್ಯಾನಿಕ್ಕಿಗೆ ತೋರಿಸಬೇಕು. ಟೈರು ಒಂದೇ ಪಕ್ಕದಲ್ಲಿ ಸವೆದಿದೆಯೇ, ಗಾಳಿ ಸರಿಯಾದ ಅಳತೆಯಲ್ಲಿದೆಯೇ ಎಂಬುದನ್ನೂ ಆಗಲೇ ನೋಡಿಸಬಹುದು. ಒರಟು ಪಟ್ಟಿಯ ಟೈರನ್ನು ಬಿಟ್ಟು ಮೆಲುಸದ್ದಿನ ಟೈರನ್ನು ಹಾಕಿಸಿದರೆ ಸದ್ದು ಹುಟ್ಟುವಲ್ಲೇ ಕಡಿಮೆಯಾಗುತ್ತದೆ. ಹೇಗೂ ಟೈರು ಬದಲಿಸುವ ಕಾಲ ಬಂದಿದ್ದರೆ ಇದೇ ಮೊದಲ ಉಪಾಯ.

ಬಾಗಿಲಿನ ರಬ್ಬರು ಬೀಡಿಂಗನ್ನು ಪರೀಕ್ಷಿಸುವುದು ಸುಲಭ. ಒಂದು ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ; ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿಗೂ ಸದ್ದಿಗೂ ದಾರಿಯಿದೆ ಎಂದರ್ಥ. ಗಟ್ಟಿಯಾಗಿ ಬಿರಿದ ಬೀಡಿಂಗನ್ನು ಬದಲಿಸುವುದಕ್ಕೆ ಆಗುವ ಖರ್ಚು ಹಾಸಿನ ಖರ್ಚಿಗೆ ಹೋಲಿಸಿದರೆ ಅಲ್ಪ. ಡಿಕ್ಕಿಯಲ್ಲಿ ಜಾಕು, ಸ್ಪ್ಯಾನರು ಅಲುಗಾಡದಂತೆ ಬಟ್ಟೆ ಸುತ್ತಿಡುವುದಕ್ಕೆ ಖರ್ಚೇ ಇಲ್ಲ.

ಹಾಸುವ ಕ್ರಮ

ಇಷ್ಟಾದ ಮೇಲೂ ಮೊರೆತ ಉಳಿದರೆ ಹಾಸಿನ ಕೆಲಸಕ್ಕೆ ಕೈಹಾಕಬಹುದು. ಚಕ್ರದ ಮೇಲಿನ ಕಮಾನುಗಳು, ಮುಂದಿನ ನೆಲ, ಸ್ಟೆಪ್ನಿ ಇಡುವ ಗುಂಡಿ, ಬಾಗಿಲಿನ ಹೊರತಗಡು—ಈ ಕ್ರಮದಲ್ಲಿ ಹೋಗುವುದು ಮೇಲು. ಮಳೆಹನಿಯ ಬಡಿತ ಹೆಚ್ಚೆನ್ನುವ ಮಲೆನಾಡಿನವರು ಚಾವಣಿಯನ್ನೂ ಸೇರಿಸಬಹುದು. ಬೆರಳಗೆಣ್ಣಿನಿಂದ ತಗಡನ್ನು ತಟ್ಟಿ ನೋಡಿ. “ಠಣ್” ಎಂದು ನಾದ ಎಳೆದರೆ ಅಲ್ಲಿ ಹಾಳೆ ಬೇಕು. “ದಬ್” ಎಂದು ಅಲ್ಲಿಗೇ ನಿಂತರೆ ಬೇಡ.

ತಗಡಿನ ಧೂಳು, ಜಿಡ್ಡು, ತೇವ ಪೂರ್ತಿ ಹೋಗಿರಬೇಕು. ಹಾಳೆಯನ್ನು ಅಂಟಿಸಿ ರೋಲರಿನಿಂದ ಗಟ್ಟಿಯಾಗಿ ಉಜ್ಜಬೇಕು. ಒಳಗೆ ಗಾಳಿಗುಳ್ಳೆ ಉಳಿದ ಕಡೆ ಹಾಳೆ ತಗಡನ್ನು ಹಿಡಿಯದು, ಕೆಲಸವನ್ನೂ ಮಾಡದು. ಅಗ್ಗವೆಂದು ಮನೆಯ ಚಾವಣಿಗೆ ಹಾಕುವ ಡಾಂಬರಿನ ಹಾಳೆಯನ್ನು ತಂದು ಅಂಟಿಸುವವರುಂಟು. ಬಿಸಿಲಿನಲ್ಲಿ ನಿಂತ ಕಾರಿನ ಶಾಖಕ್ಕೆ ಅದು ಮೆತ್ತಗಾಗಿ, ವಾಸನೆ ಬಿಟ್ಟು, ಜಾರುತ್ತದೆ. ಬ್ಯುಟೈಲ್ ರಬ್ಬರೇ ಲೇಸು. ಮೊಟ್ಟೆಯ ತಟ್ಟೆ, ಥರ್ಮೊಕೋಲು ಇವುಗಳಿಗೆ ಭಾರವೂ ಇಲ್ಲ, ಹೀರುವ ಗುಣವೂ ಸಾಲದು, ಮೇಲಾಗಿ ಬೆಂಕಿಯ ಭಯ. ಸ್ಪಂಜಾಗಲಿ ಫೆಲ್ಟಾಗಲಿ, ಬೆಂಕಿ ಸುಲಭವಾಗಿ ಹತ್ತದ ಜಾತಿಯದೇ ಆಗಿರಲಿ. ಸೈಲೆನ್ಸರಿನ ಕೊಳವೆಯ ಸಮೀಪ ಯಾವ ಹಾಸೂ ಬೇಡ.

ಬಾಗಿಲಿನೊಳಗೆ ಮಳೆನೀರು ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ತಳದಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಅವನ್ನು ಹಾಳೆಯಿಂದ ಮುಚ್ಚಿದರೆ ನೀರು ನಿಂತು ಬಾಗಿಲು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ನೀರು ಕುಡಿಯುವ ಹತ್ತಿ, ಫೆಲ್ಟು ಅಲ್ಲಿ ಸಲ್ಲವು. ಗಾಜು ಇಳಿಯುವ ಜಾಡು, ತಂತಿಗಳು, ಏರ್‌ಬ್ಯಾಗಿಗೆ ಸಂಬಂಧಿಸಿದ ಭಾಗಗಳು ಇವುಗಳ ಮೇಲೂ ಏನನ್ನೂ ಹಾಕಕೂಡದು. ಏರ್‌ಬ್ಯಾಗಿರುವ ಕಡೆ ಬಿಚ್ಚುವ ಕೆಲಸವನ್ನು ತಿಳಿದವರಿಗೇ ಒಪ್ಪಿಸುವುದು ಕ್ಷೇಮ.

ಒಂದೊಂದು ಭಾಗ ಮುಗಿದಂತೆ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿ ಕೇಳಿ ನೋಡಬೇಕು. ಮೊಬೈಲಿನಲ್ಲಿ ದೊರೆಯುವ ಸದ್ದಿನ ಮಾಪಕಗಳ ಅಂಕೆ ತೀರ ಕರಾರುವಾಕ್ಕಲ್ಲದಿದ್ದರೂ, ಮೊದಲಿಗೂ ಈಗಿಗೂ ಇರುವ ಅಂತರವನ್ನು ತಿಳಿಯಲು ಸಾಕು. ಪಕ್ಕದಲ್ಲಿ ಕುಳಿತವರು ಅದನ್ನು ಹಿಡಿದಿರಲಿ, ಓಡಿಸುವವರ ಗಮನ ರಸ್ತೆಯ ಮೇಲಿರಲಿ. ಸಾಕೆನಿಸಿದಲ್ಲಿ ನಿಲ್ಲಿಸಿದರೆ ಹಣವೂ ಉಳಿಯಿತು, ಹತ್ತಾರು ಕಿಲೋ ಭಾರವನ್ನು ದಿನವೂ ಹೊತ್ತು ಇಂಧನ ಸುಡುವ ನಷ್ಟವೂ ತಪ್ಪಿತು.

ವಿದ್ಯುತ್ ಕಾರು ಕೊಂಡವರು ಕೆಲವರು “ಎಂಜಿನ್ನೇ ಇಲ್ಲ, ಆದರೂ ಈ ಸದ್ದೇಕೆ?” ಎಂದು ಅಚ್ಚರಿಪಡುವುದುಂಟು. ಎಂಜಿನ್ನಿನ ಸದ್ದು ಇಲ್ಲದಿರುವುದರಿಂದಲೇ ಅಲ್ಲಿ ಟೈರಿನ ಸದ್ದು ಎದ್ದು ಕೇಳುತ್ತದೆ. ಟೈರಿನ ಒಳಮೈಗೆ ಸ್ಪಂಜಿನ ಪಟ್ಟಿ ಅಂಟಿಸಿದ ಟೈರುಗಳು ಬಳಕೆಗೆ ಬಂದಿರುವುದು ಮೊದಲು ಹೇಳಿದ ಆ ಗಾಳಿಬಳೆಯ ಗುಂಯ್‌ಕಾರವನ್ನು ತಗ್ಗಿಸುವುದಕ್ಕಾಗಿಯೇ.

ಕೊನೆಯದಾಗಿ, ಕಾರು ಪೂರ್ತಿ ನಿಶ್ಶಬ್ದವಾಗಬೇಕೆಂಬ ಆಸೆ ಒಳ್ಳೆಯದಲ್ಲ. ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು, ಪಕ್ಕದ ಸೈಕಲ್ಲಿನವನ ಗಂಟೆ, ಚಕ್ರದಲ್ಲಿ ಹೊಸದಾಗಿ ಹುಟ್ಟಿದ ಕಟಕಟ ಇವೆಲ್ಲ ಓಡಿಸುವವರ ಕಿವಿಗೆ ಬೀಳಲೇಬೇಕು. ನಡುಗುವುದಕ್ಕೆ ಅಂಟುಹಾಳೆ, ಸುಯ್ಯುವುದಕ್ಕೆ ಮೆತ್ತನೆಯ ಹಾಸು, ನುಗ್ಗುವುದಕ್ಕೆ ಭಾರದ ತಡೆ ಮತ್ತು ಬಿಗಿಯಾದ ಬೀಡಿಂಗು—ಇಷ್ಟನ್ನು ನೆನಪಿನಲ್ಲಿಟ್ಟು, ಬೇಕಾದಲ್ಲಿ ಬೇಕಾದಷ್ಟನ್ನೇ ಬಳಸಿದರೆ ಸಣ್ಣ ಕಾರೂ ಮಾತನಾಡಲು ಹಿತವಾದ ಜಾಗವಾಗುತ್ತದೆ.