ಸ್ಟಾರ್ಟರ್ ಪೆಟ್ಟಿಗೆಗೂ ಬಂತು ಪುಟ್ಟ ಮಿದುಳು

ಧರೂರು: ‘ಕರೆಂಟ್ ಬಂದೈತೇನು ನೋಡ್ರಿ...’ ಗಡಿಯ ಆಚೆ-ಈಚೆ ಪಂಪ್‌ಸೆಟ್ ಇರುವ ಮನೆಗಳಲ್ಲಿ ವರ್ಷಗಟ್ಟಲೆ ಕೇಳಿಬಂದ ಮಾತಿದು. ಜೂರಾಲ ಜಲಾಶಯ ಸಮೀಪವೇ ಇದ್ದರೂ ಕಾಲುವೆ ನೀರು ಹತ್ತದ ಹೊಲಗಳಿಗೆ ಬೋರ್‌ವೆಲ್ಲೇ ಗತಿ. ರಾತ್ರಿ ಕರೆಂಟ್ ಬಂದರೆ ಬ್ಯಾಟರಿ ಹಿಡಿದು ಹೊಲಕ್ಕೆ ಓಡಬೇಕು. ದಾರಿಯಲ್ಲಿ ಹಾವು-ಚೇಳಿನ ಭಯ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದರೆ ಜೀವಕ್ಕೇ ಸಂಚಕಾರ.

ಇದಕ್ಕೆ ರೈತರು ಕಂಡುಕೊಂಡ ಉಪಾಯ ಆಟೊ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಶುರುವಾಗುತ್ತದೆ. ಆದರೆ ನೀರು ಸಾಕಾಯಿತೆಂದು ನಿಲ್ಲಿಸಲು ಅದಕ್ಕೆ ಬರುವುದಿಲ್ಲ. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿಗೆ 24 ಗಂಟೆ ಉಚಿತ ವಿದ್ಯುತ್ ಆರಂಭವಾದಾಗ ಇದೇ ತೊಡಕಾಯಿತು. ಹಗಲು-ರಾತ್ರಿ ನೀರು ಎತ್ತಿದರೆ ಅಂತರ್ಜಲ ಬತ್ತೀತೆಂದು ಆಟೊ ಸ್ಟಾರ್ಟರ್ ತೆಗೆಯುವಂತೆ ಸರ್ಕಾರವೇ ರೈತರಿಗೆ ಹೇಳಿತು. ಪಕ್ಕದ ರಾಯಚೂರು ಕಡೆಯ ನೆಂಟರ ಕಷ್ಟವೇ ಬೇರೆ: ಅಲ್ಲಿ ತ್ರೀಫೇಸ್ ಸಿಗುವುದು ಪಾಳಿಯ ಮೇಲೆ.

ಬೆರಳಗಲದ ಚಿಪ್

ನಿಲ್ಲಿಸುವ ಬುದ್ಧಿ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತಿದೆ. ಚೀನಾದ ಶಾಂಘೈನ ಎಸ್ಪ್ರೆಸಿಫ್ ಕಂಪನಿ 2014ರಲ್ಲಿ ಇಎಸ್‌ಪಿ8266 ಎಂಬ ಚಿಪ್ ತಂದಿತು. ಲೆಕ್ಕ ಮಾಡುವ ಮಿದುಳು, ಸುದ್ದಿ ಕಳಿಸುವ ವೈಫೈ ಎರಡೂ ಒಂದರಲ್ಲೇ. 2016ರಲ್ಲಿ ಬಂದ ಇಎಸ್‌ಪಿ32ರಲ್ಲಿ ಬ್ಲೂಟೂತ್ ಕೂಡ ಸೇರಿತು. ತೊಟ್ಟಿ ತುಂಬಿತೇ, ಬೋರ್ ಬರಿದಾಗಿ ಮೋಟಾರ್ ಸುಮ್ಮನೆ ತಿರುಗುತ್ತಿದೆಯೇ ಎಂದು ಸೆನ್ಸರ್ ಹೇಳಿದರೆ ಚಿಪ್ ಮೋಟಾರನ್ನು ನಿಲ್ಲಿಸುತ್ತದೆ, ಮೊಬೈಲಿಗೂ ತಿಳಿಸುತ್ತದೆ.

ಹೊಲಕ್ಕೆ ಸಿಮ್, ಮನೆಗೆ ವೈಫೈ

ಹಾಗಂತ ಕಂಡದ್ದನ್ನೆಲ್ಲ ಕೊಳ್ಳುವಂತಿಲ್ಲ. ಮನೆಯ ವೈಫೈ ದೂರದ ಹೊಲಕ್ಕೆ ಮುಟ್ಟದು. ಮಾಳಿಗೆ ಮೇಲಿನ ತೊಟ್ಟಿಗೆ ಅದು ಸಾಕು. ಹೊಲದ ಬೋರ್‌ವೆಲ್‌ಗೆ ಸಿಮ್ ಹಾಕುವ ಸಾಧನವೇ ಸೂಕ್ತ. ಪುಣೆಯ ಸಂತೋಷ್ ಓಸ್ತ್ವಾಲ್ ರೂಪಿಸಿದ ‘ನ್ಯಾನೊ ಗಣೇಶ್’, ಬೆಂಗಳೂರಿನ ‘ಕಿಸಾನ್ ರಾಜ’ ಈ ಬಗೆಯವು. ಇವು ಮೊಬೈಲ್ ಕರೆ, ಸಂದೇಶದಿಂದಲೇ ಮೋಟಾರ್ ನಡೆಸುತ್ತವೆ.

ಚಿಪ್ ಓಡುವುದು ಬರೀ 3.3 ವೋಲ್ಟ್‌ನಲ್ಲಿ. ತ್ರೀಫೇಸ್ ಮೋಟಾರಿಗೆ ನೇರ ಜೋಡಿಸಿದರೆ ಸುಟ್ಟೇ ಹೋಗುತ್ತದೆ. ರಿಲೇ ಮೂಲಕ ಸ್ಟಾರ್ಟರ್‌ನ ಕಾಂಟ್ಯಾಕ್ಟರ್‌ಗೆ ಕೊಡಬೇಕು. ಓವರ್‌ಲೋಡ್ ರಿಲೇ, ಅರ್ಥಿಂಗ್ ಬಿಡಲೇಬಾರದು. ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್‌ಗೇ ವಹಿಸಬೇಕು. ದೂರದಿಂದ ಚಾಲೂ ಆಗುವ ಮೋಟಾರಿನ ಹತ್ತಿರ ರಿಪೇರಿಗೆ ಹೋಗುವಾಗ ಮೊದಲು ಮೇನ್ ಸ್ವಿಚ್ ತೆಗೆಯಬೇಕು. ಇಲ್ಲದಿದ್ದರೆ ಮನೆಯಲ್ಲಿ ಮಗ ಒತ್ತಿದ ಗುಂಡಿ ಹೊಲದಲ್ಲಿರುವ ಅಪ್ಪನಿಗೆ ಅಪಾಯ ತಂದೀತು.

ಕೊಳ್ಳುವ ಮುನ್ನ ಅಂಗಡಿಯವನನ್ನು ಕೇಳಬೇಕಾದ್ದು ಇಷ್ಟೇ: ನಮ್ಮ ಹೊಲದಲ್ಲಿ ಸಿಗ್ನಲ್ ಸಿಗುತ್ತದೆಯೇ? ಬೋರ್ ಬತ್ತಿದರೆ, ಒಂದು ಫೇಸ್ ಹೋದರೆ ತಾನೇ ನಿಲ್ಲುತ್ತದೆಯೇ? ಕೆಟ್ಟರೆ ರಿಪೇರಿ ಎಲ್ಲಿ? ಶುರು ಮಾಡುವ ಪೆಟ್ಟಿಗೆಗಳು ಬೇಕಾದಷ್ಟಿವೆ. ಬೋರ್‌ವೆಲ್ ಉಳಿಯಬೇಕಾದರೆ, ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಪೆಟ್ಟಿಗೆ ಬೇಕು.