ನೆಲದಡಿಯ ಕೊಳವೆ

ಬಚ್ಚಲುಮನೆಯ ನವೀಕರಣವೆಂದೊಡನೆ ನಮ್ಮ ಗಮನವೆಲ್ಲ ಹೊಳೆಯುವ ಟೈಲ್ಸ್ ಮೇಲೆಯೇ. ಬೆಂಗಳೂರಿನ ಹಳೆಯ ಮಹಡಿಮನೆಗಳಲ್ಲಿ ದಶಕಗಳಿಂದ ಕೊಳೆನೀರನ್ನು ಸಾಗಿಸಿದ ಬೀಡುಕಬ್ಬಿಣದ ಕೊಳವೆಯನ್ನು ವಿಚಾರಿಸುವವರಾರು? ಹೊರಗೆ ಗಟ್ಟಿಯಾಗಿ ಕಂಡರೂ ಅದರ ಒಳಮೈ ತುಕ್ಕು ಹಿಡಿದು ಒರಟಾಗಿರುತ್ತದೆ. ಅಲ್ಲಿ ಸೋಪಿನ ಜಿಡ್ಡೂ ಕೂದಲೂ ಅಂಟಿ ನೀರಿನ ದಾರಿ ಕಿರಿದಾಗುತ್ತದೆ. ಜೋಡಣೆ ಸಡಿಲವಾದರೆ ಕೆಳಮನೆಯವರ ಚಾವಣಿಯಲ್ಲಿ ತೇವ ಮೂಡುತ್ತದೆ.

ನೆಲ ಅಗೆದಾಗಲೇ ಅದನ್ನು ಬದಲಿಸುವುದು ಜಾಣತನ. ಹೊಸ ಪಿ.ವಿ.ಸಿ. ಕೊಳವೆಗೆ 4 ಅಡಿ ಉದ್ದಕ್ಕೆ ಸುಮಾರು 1 ಅಂಗುಲದಂತೆ ಇಳಿಜಾರು ಕೊಡಿಸಿರಿ. ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ 2 ಅಂಗುಲ ನೀರು ಸದಾ ನಿಂತಿರಬೇಕು. ಚರಂಡಿಯ ದುರ್ಗಂಧವನ್ನು ತಡೆಯುವುದು ಆ ನೀರೇ. ನೆಲ ಮುಚ್ಚುವ ಮುನ್ನ ಕೊಳವೆಯ ಬಾಯಿ ಬಿಗಿದು, ನೀರು ತುಂಬಿಸಿ, ಸೋರಿಕೆಯನ್ನು ಪರೀಕ್ಷಿಸಿರಿ. ಇಲ್ಲವಾದರೆ ಈ ವರ್ಷ ಕೂರಿಸಿದ ಟೈಲ್ಸನ್ನು ಮುಂದಿನ ವರ್ಷವೇ ಒಡೆಯಬೇಕಾದೀತು.